ಹೊಳಿ ಬರುವ ಮುಂಚೆ ಮಾವನವರ ಜೊತೆ ಆಡಬೇಕಾದ ಮಾತು

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಮೇಲಿನ ಹಳ್ಳಿ. ಮನೆಯಲ್ಲಿ ಅತ್ತೆ, ಮಾವ, ನಾನು, ಇಬ್ಬರು ಮಕ್ಕಳು. ಎರಡು ಎಮ್ಮೆ, ಒಂದು ಆಕಳು, ಕರು ಇವೆ. ಯಜಮಾನರು ಗೋವಾದಲ್ಲಿ ಕೆಲಸಕ್ಕಿದ್ದಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ. 2019ರಲ್ಲಿ ರಾತ್ರಿ ಹೊಳಿ ಊರೊಳಗೆ ಬಂದಾಗ ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡು ಎದೆಮಟ್ಟದ ನೀರಿನಲ್ಲಿ ನಡೆದು ಬಂದೆ. ಒಂದು ಎಮ್ಮೆ ಕಟ್ಟಿದಲ್ಲೇ ಸತ್ತಿತ್ತು. ಅಂದಿನಿಂದ ತಗಡಿನ ಮೇಲೆ ಮಳೆ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಆಷಾಢ ಶ್ರಾವಣದಲ್ಲಿ ನಿದ್ದೆ ಅನ್ನುವುದೇ ಇಲ್ಲ. ಮೊಬೈಲ್‌ನಲ್ಲಿ ದಿನಾ ಒಂದೊಂದು ಬಣ್ಣದ ಅಲರ್ಟ್ ಬರುತ್ತದೆ. ‘ಕೊಯ್ನಾ ಬಿಟ್ಟರಂತೆ’, ‘ಡ್ಯಾಮ್ ಒಡೀತಂತೆ’ ಎಂಬ ಸಂದೇಶಗಳು ಬೇರೆ. ಯಾವುದನ್ನು ನಂಬಬೇಕು, ಯಾವಾಗ ಹೊರಡಬೇಕು ತಿಳಿಯುವುದಿಲ್ಲ. ಮಾವನವರು ‘ವರ್ಷಾ ಹಿಂಗ ಒದರ್ತಾರ, ಹೊಳಿ ನಂಗ ಗೊತ್ತೈತಿ, ದನಾ ಬಿಟ್ಟು ನಾ ಬರೂದಿಲ್ಲ’ ಎನ್ನುತ್ತಾರೆ. ಅತ್ತೆಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ. ನಾನು ಹೆದರುಪುಕ್ಕಲಿ ಎಂದು ಎಲ್ಲರೂ ಅನ್ನುತ್ತಾರೆ. ಏನು ಮಾಡಲಿ?

— ಹೆಸರು ಬೇಡ, ಮುಧೋಳ ತಾಲ್ಲೂಕು

ಉತ್ತರ: ತಾಯಿ, ನೀವು ಹೆದರುಪುಕ್ಕಲಿಯಲ್ಲ. ರಾತ್ರಿ ಎದೆಮಟ್ಟದ ನೀರಿನಲ್ಲಿ ಮಗುವನ್ನು ದಾಟಿಸಿದವರು ನೀವು. ಆ ರಾತ್ರಿಯನ್ನು ನಿಮ್ಮ ಮೈ ನೆನಪಿಟ್ಟುಕೊಂಡಿದೆ, ಅಷ್ಟೇ. ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಇದು: ಹೊರಡುವ ತೀರ್ಮಾನವನ್ನು ನಿಮ್ಮ ಮನೆಯಲ್ಲಿ ಯಾರೂ ಮೊದಲೇ ಮಾಡಿಟ್ಟಿಲ್ಲ. ಅದಕ್ಕೇ ಪ್ರತಿ ರಾತ್ರಿ, ಪ್ರತಿ ಮಳೆಗೆ, ನೀವೊಬ್ಬರೇ ಅದನ್ನು ಹೊಸದಾಗಿ ಮಾಡಬೇಕಾಗಿದೆ. ಯಾರಿಗಾದರೂ ನಿದ್ದೆ ಕೆಡುತ್ತದೆ. ಆ ತೀರ್ಮಾನವನ್ನು ಬಿಸಿಲಿರುವಾಗ, ನೆಲ ಒಣಗಿರುವಾಗ, ಮಾವನವರನ್ನು ಕೂರಿಸಿಕೊಂಡು ಮಾಡಬೇಕು. ಆದರೆ ಆ ಮಾತಿಗೆ ಕೂರುವ ಮುಂಚೆ ಕೆಲವು ಸಂಗತಿಗಳನ್ನು ನೀವು ತಿಳಿದಿರಬೇಕು. ತಿಳಿದವರ ಮಾತಿಗೆ ಮನೆಯಲ್ಲಿ ತೂಕ ಬರುತ್ತದೆ.

ಮೊದಲು ನಿಮ್ಮ ಹೊಳೆಯ ನೀರು ಎಲ್ಲಿಂದ ಬರುತ್ತದೆ ನೋಡಿ. ಘಟಪ್ರಭೆ ಸಹ್ಯಾದ್ರಿಯಿಂದ ಇಳಿದು ಬರುವ ಹೊಳೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಚಂದಗಡ, ಆಜರಾ ಭಾಗದಲ್ಲಿ, ಅಂಬೋಲಿ ಘಟ್ಟದ ಸುತ್ತಮುತ್ತ ಸುರಿಯುವ ಮಳೆಯೇ ನಿಮ್ಮ ಊರಿನ ಪ್ರವಾಹ. ಅಲ್ಲಿ ಮುಂಗಾರಿನಲ್ಲಿ ಒಂದೇ ದಿನಕ್ಕೆ 200 ಮಿಲಿಮೀಟರ್ ಮಳೆಯಾಗುವುದು ಅಪರೂಪವಲ್ಲ. ಆ ನೀರಿನ ಒಂದು ಪಾಲು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುತ್ತದೆ. ಇನ್ನೊಂದು ಪಾಲು ಸಂಕೇಶ್ವರದ ಮೇಲೆ ಹಾಯ್ದು ಬರುವ ಹಿರಣ್ಯಕೇಶಿಯದು. ಅದು ಹಿಡಕಲ್ ಅಣೆಕಟ್ಟೆಯ ಕೆಳಗೆ ಬಂದು ಸೇರುತ್ತದೆ. ಮುಂದೆ ಗೋಕಾಕದ ಹತ್ತಿರ ಬೆಳಗಾವಿ ಕಡೆಯಿಂದ ಬರುವ ಮಾರ್ಕಂಡೇಯ ಕೂಡುತ್ತದೆ. ಈ ಮೂರೂ ಒಟ್ಟಾಗಿ ಮುಧೋಳ ತಾಲ್ಲೂಕಿಗೆ ಇಳಿಯುತ್ತವೆ. ಆದ್ದರಿಂದ ನಿಮ್ಮ ತಗಡಿನ ಮೇಲೆ ಬೀಳುವ ಮಳೆಗೂ ನಿಮ್ಮ ಹೊಳೆ ಏರುವುದಕ್ಕೂ ಹೆಚ್ಚು ಸಂಬಂಧವಿಲ್ಲ. ನಿಮ್ಮಲ್ಲಿ ಬಿಸಿಲು ಬಿದ್ದ ದಿನವೇ ಹೊಳೆ ಉಕ್ಕಬಹುದು. ನೀವು ಎದೆ ಹಿಡಿದುಕೊಂಡು ಎದ್ದು ಕೂತ ಎಷ್ಟೋ ರಾತ್ರಿಗಳಲ್ಲಿ ಹೊಳೆ ತನ್ನ ಪಾಡಿಗೆ ತಾನು ತಳದಲ್ಲಿ ಹರಿದಿರಬಹುದು. ಕಿವಿಗೆ ಬೀಳುವ ಮಳೆಯ ಸದ್ದನ್ನು ಎಚ್ಚರಿಕೆ ಎಂದುಕೊಳ್ಳುವುದನ್ನು ಬಿಟ್ಟು, ಘಟ್ಟದ ಮಳೆ, ಹಿಡಕಲ್ ಮಟ್ಟ, ಹಿರಣ್ಯಕೇಶಿ ಹರಿವು ಇವನ್ನು ಕೇಳಿ ತಿಳಿಯುವ ರೂಢಿ ಮಾಡಿಕೊಳ್ಳಿ.

ಇದೇ ಲೆಕ್ಕದಲ್ಲಿ ‘ಕೊಯ್ನಾ ಬಿಟ್ಟರಂತೆ’ ಎಂಬ ಸಂದೇಶ ನಿಮ್ಮದಲ್ಲ. ಕೊಯ್ನಾ ದೊಡ್ಡ ಜಲಾಶಯ, 105 ಟಿಎಂಸಿ ಹಿಡಿಯುತ್ತದೆ, ನಿಜ. ಆದರೆ ಅದರ ನೀರು ಕೃಷ್ಣೆಗೆ ಹೋಗುತ್ತದೆ. ಚಿಕ್ಕೋಡಿ, ಅಥಣಿ, ರಾಯಬಾಗ, ಜಮಖಂಡಿ ಕಡೆಯವರು ಅದಕ್ಕೆ ಕಿವಿ ಕೊಡಬೇಕು. ಘಟಪ್ರಭೆ ಕೃಷ್ಣೆಯನ್ನು ಕೂಡುವುದು ನಿಮಗಿಂತ ಬಹಳ ಕೆಳಗೆ, ಆಲಮಟ್ಟಿ ಹಿನ್ನೀರಿನ ಚಿಕ್ಕಸಂಗಮದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶದಲ್ಲಿ ಯಾವ ಹೊಳೆ, ಯಾವ ಜಲಾಶಯ, ಯಾವ ದಿನ, ಎಷ್ಟು ಗಂಟೆ ಎಂಬ ನಾಲ್ಕು ವಿಷಯ ಇಲ್ಲದಿದ್ದರೆ ಅದನ್ನು ಓದಬೇಡಿ, ಮುಂದಕ್ಕೂ ಕಳಿಸಬೇಡಿ.

ಇನ್ನು ಬಣ್ಣಗಳು. ಇಲ್ಲಿ ಗೊಂದಲವಾಗುವುದು ನಿಮ್ಮ ತಪ್ಪಲ್ಲ. ಎರಡು ಬೇರೆ ಇಲಾಖೆಗಳು ಅದೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತವೆ. ಟಿವಿಯಲ್ಲಿ ‘ಬೆಳಗಾವಿ ಜಿಲ್ಲೆಗೆ ಆರೆಂಜ್ ಅಲರ್ಟ್’ ಎಂದರೆ ಅದು ಹವಾಮಾನ ಇಲಾಖೆಯದು, ಮಳೆಗೆ ಸಂಬಂಧಿಸಿದ್ದು, ಇಡೀ ಜಿಲ್ಲೆಗೆ ಹೇಳಿದ್ದು. ಹಳದಿ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಅವರ ಭಾಷೆಯಲ್ಲಿ 24 ಗಂಟೆಗೆ 64.5 ಮಿ.ಮೀ. ಮೇಲ್ಪಟ್ಟರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ತಲುಪಿದರೆ ಅತ್ಯಂತ ಭಾರಿ. ಕೇಂದ್ರ ಜಲ ಆಯೋಗದ ಬಣ್ಣ ಹಾಗಲ್ಲ. ಅದು ಮುಂದೆ ಬರಬಹುದಾದ ಮಳೆಯದಲ್ಲ, ಹೊಳೆಯ ಮಟ್ಟದ್ದು. ನೀರು ಎಚ್ಚರಿಕೆ ಮಟ್ಟ ಮುಟ್ಟಿದರೆ ಹಳದಿ, ಅಪಾಯದ ಮಟ್ಟ ಮುಟ್ಟಿದರೆ ಕಿತ್ತಳೆ, ಆ ಜಾಗದಲ್ಲಿ ಈವರೆಗೆ ದಾಖಲಾದ ಅತಿ ಎತ್ತರದ ಮಟ್ಟವನ್ನು ಮುಟ್ಟಿದರೆ ಕೆಂಪು. ಅಂದರೆ ಮಳೆಯ ಕಿತ್ತಳೆ ಬಂದಾಗ ನಿಮಗೆ ಇನ್ನೂ ಹೊತ್ತಿದೆ, ಗಂಟು ಕಟ್ಟಬಹುದು. ಹೊಳೆಯ ಕಿತ್ತಳೆ ಬಂದಾಗ ನೀರು ಆಗಲೇ ಅಪಾಯದ ಗೆರೆ ದಾಟಿದೆ. ಒಂದೇ ಬಣ್ಣ, ಆದರೆ ನಿಮ್ಮ ಕೈಯಲ್ಲಿ ಉಳಿದಿರುವ ಹೊತ್ತು ಒಂದೇ ಅಲ್ಲ. ಹಾಗಾಗಿ ಬಣ್ಣ ಕಂಡ ಕೂಡಲೇ ಕೇಳಿಕೊಳ್ಳಿ: ಇದು ಮಳೆಯದೋ, ಹೊಳೆಯದೋ?

ಮಳೆಯ ಬಣ್ಣ ನೋಡುವಾಗ ಬಾಗಲಕೋಟೆ ಜಿಲ್ಲೆಯದನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಬೆಳಗಾವಿಯನ್ನು ನೋಡಿ, ಕೊಲ್ಹಾಪುರವನ್ನು ತಪ್ಪದೆ ನೋಡಿ. ಬಾಗಲಕೋಟೆ ಹಸಿರಿದ್ದು ಕೊಲ್ಹಾಪುರ ಕೆಂಪಿದ್ದರೆ ಅದು ನಿಮಗೆ ಹಸಿರಲ್ಲ. ಒಂದೆರಡು ದಿನಗಳ ಎಚ್ಚರಿಕೆಯನ್ನು ಘಟ್ಟ ನಿಮಗೆ ಮೊದಲೇ ಕೊಡುತ್ತಿದೆ ಎಂದುಕೊಳ್ಳಿ.

ನಿಮ್ಮಂಥವರಿಗೆ ಬಣ್ಣಕ್ಕಿಂತ ಉಪಯುಕ್ತವಾದದ್ದು ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಬರುವ ಜಲಾಶಯದ ಲೆಕ್ಕ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಓದುವುದು ಹೀಗೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ಹರಿವು ಇಡೀ ದಿನ ನಡೆದರೆ ಸುಮಾರು 8.6 ಟಿಎಂಸಿ ಆಗುತ್ತದೆ. ಹಿಡಕಲ್ ಹಿಡಿಯುವುದು 51 ಟಿಎಂಸಿ. ಈಗ ಯೋಚಿಸಿ: ಜಲಾಶಯ 46 ಟಿಎಂಸಿ ತುಂಬಿದೆ, ಒಳಹರಿವು ಲಕ್ಷ ಕ್ಯುಸೆಕ್ ಇದೆ ಎಂದರೆ ಉಳಿದ 5 ಟಿಎಂಸಿ ಜಾಗ ಸುಮಾರು 14 ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಬಂದಷ್ಟನ್ನೂ ಬಿಡದೆ ಬೇರೆ ದಾರಿಯಿಲ್ಲ. ಅದೇ ಒಳಹರಿವು ಜೂನ್ ಕೊನೆಯಲ್ಲಿ, ಜಲಾಶಯ ಅರ್ಧ ಖಾಲಿ ಇರುವಾಗ ಬಂದರೆ ಅಣೆಕಟ್ಟೆಯೇ ಅದನ್ನು ನುಂಗಿಕೊಳ್ಳುತ್ತದೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗಿನ ಮಳೆಗೆ ಹೆಚ್ಚು ಅಂಜಬೇಕಾದ ಕಾರಣ ಇದೇ. ಮಳೆ ಎಷ್ಟು ಎಂಬುದರ ಜೊತೆಗೆ, ಆ ಮಳೆ ಹಿಡಿಯಲು ಜಲಾಶಯದಲ್ಲಿ ಜಾಗ ಎಷ್ಟು ಉಳಿದಿದೆ ಎಂಬುದನ್ನೂ ನೋಡಬೇಕು. ಹಿರಣ್ಯಕೇಶಿಯ ನೀರು ಈ ಜಲಾಶಯಕ್ಕೆ ಬರುವುದೇ ಇಲ್ಲ, ನೇರ ಹೊಳೆಗೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಹಿಡಕಲ್ ಗೇಟು ಮುಚ್ಚಿದ್ದರೂ ಹೊಳೆ ಏರಬಹುದು. ಪತ್ರಿಕೆಯಲ್ಲಿ ಗೋಕಾಕದ ಲೋಳಸೂರ ಸೇತುವೆಯ ಹರಿವು ಬಂದಿದ್ದರೆ ಅದನ್ನೇ ಮುಖ್ಯವಾಗಿ ಹಿಡಿಯಿರಿ.

ಪತ್ರಿಕೆ ಮಧ್ಯಾಹ್ನಕ್ಕೆ ಬರುವ ಊರಾದರೆ ಫೋನ್ ಮಾಡಿ ಕೇಳಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ 92433 45433, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ತುರ್ತು ನಿರ್ವಹಣಾ ಕೇಂದ್ರಕ್ಕೆ 1077. ಮೊಬೈಲ್‌ನಲ್ಲಿ ಕೇಂದ್ರ ಸರ್ಕಾರದ ‘ಸಚೇತ್’ ಆ್ಯಪ್ ಇಟ್ಟುಕೊಂಡರೆ ಅಧಿಕೃತ ಎಚ್ಚರಿಕೆಗಳು ಒಂದೇ ಕಡೆ ಸಿಗುತ್ತವೆ. ಜಲ ಆಯೋಗದ ‘ಫ್ಲಡ್‌ವಾಚ್ ಇಂಡಿಯಾ’ ಕೂಡ ಇದೆ. ಆದರೆ ಅದರಲ್ಲಿ ನಿಮ್ಮ ಹಳ್ಳಿಯ ಹೆಸರು ಹುಡುಕಬೇಡಿ, ಹೊಳೆಯ ಮೇಲಿನ ಮಾಪನ ಕೇಂದ್ರಗಳಿದ್ದಲ್ಲಿಯದು ಮಾತ್ರ ಸಿಗುತ್ತದೆ. 2023ರಲ್ಲಿ ಮೊಬೈಲ್‌ಗಳೆಲ್ಲ ಒಮ್ಮೆಲೇ ಜೋರಾಗಿ ಸದ್ದು ಮಾಡಿ ಪರೀಕ್ಷಾ ಸಂದೇಶ ಬಂದದ್ದು ನೆನಪಿರಬಹುದು. ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಯಾರಾದರೂ ಬಂದ್ ಮಾಡಿದ್ದರೆ ಮತ್ತೆ ಚಾಲೂ ಮಾಡಿಸಿ.

‘ಡ್ಯಾಮ್ ಒಡೀತಂತೆ’ ಎಂಬುದರ ಬಗ್ಗೆ ಒಂದು ನಿಜ ಸಂಗತಿ ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ನಿಜವಾಗಿಯೂ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದು ನೀರು ಬಿಟ್ಟರು, ವಾರದೊಳಗೆ ಆ ಜಾಗದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಕಟ್ಟೆ ಕಟ್ಟೆಯಾಗಿಯೇ ನಿಂತಿತ್ತು. ಗೇಟು ತೆರೆಯುವುದು, ಗೇಟು ಕೆಡುವುದು, ಕಟ್ಟೆ ಒಡೆಯುವುದು ಮೂರೂ ಬೇರೆ ಬೇರೆ. ಜಲಾಶಯ ಪೂರ್ತಿ ತುಂಬುವ ಮೊದಲೇ ನೀರು ಬಿಡಲು ಶುರುಮಾಡಿದ್ದಾರೆ ಎಂಬ ಸುದ್ದಿ ಬಂದರೆ ಅದಕ್ಕೆ ಗಾಬರಿಯಾಗಬೇಡಿ. ಬರುವ ನೀರಿಗೆ ಜಾಗ ಮಾಡುತ್ತಿದ್ದಾರೆ ಎಂದರ್ಥ. ನೀವು ಗಮನಿಸಬೇಕಾದದ್ದು ಬಿಡುವ ಪ್ರಮಾಣ ಗಂಟೆಗಂಟೆಗೆ ಏರುತ್ತಿದೆಯೇ ಎಂಬುದು.

ಈಗ ಮಾವನವರ ವಿಷಯ. ಅವರನ್ನು ಹಟಮಾರಿ ಎಂದುಕೊಳ್ಳಬೇಡಿ. ಅವರು 2005 ಕಂಡಿದ್ದಾರೆ, 2009 ಕಂಡಿದ್ದಾರೆ, 2019 ಕಂಡಿದ್ದಾರೆ. ‘ಹೊಳಿ ನಂಗ ಗೊತ್ತೈತಿ’ ಎಂಬ ಮಾತು ಸುಳ್ಳಲ್ಲ. ಅದರಲ್ಲಿರುವ ಅಪಾಯ ಒಂದೇ. ಮನುಷ್ಯ ತಾನು ಕಂಡ ಅತಿ ದೊಡ್ಡ ನೀರನ್ನೇ ಹೊಳೆಯ ಮಿತಿ ಎಂದು ನಂಬಿಬಿಡುತ್ತಾನೆ. 2019ರ ಆಗಸ್ಟ್‌ನಲ್ಲಿ ಹಿಂದೆಂದೂ ಮುಳುಗದ ಮನೆಗಳೂ ಮುಳುಗಿದವು. ಗೋಕಾಕ, ರಾಮದುರ್ಗದಂಥ ಪೇಟೆಗಳೇ ನೀರಿನಲ್ಲಿ ನಿಂತವು, ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಬಂತು, ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, ಘಟಪ್ರಭೆ ಮತ್ತೆ ಉಕ್ಕಿತು. 2024ರಲ್ಲೂ ಬಂತು.

ಅವರ ಜೊತೆ ‘ನೀರು ಬರುತ್ತದೆ’, ‘ಬರುವುದಿಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ಆ ವಾದದಲ್ಲಿ ಯಾರೂ ಗೆಲ್ಲುವುದಿಲ್ಲ, ಏಕೆಂದರೆ ಯಾರಿಗೂ ಗೊತ್ತಿಲ್ಲ. ಬದಲಿಗೆ ಅವರಿಗೆ ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ. ‘ಮಾವಾ, ಹೊಳಿ ಏರಿದಾಗ ನಮ್ಮೂರಾಗ ಮೊದಲು ನೀರು ಎಲ್ಲಿ ಬರತೈತಿ? ಆಮ್ಯಾಲೆ ಎಲ್ಲಿ? ಊರಿಂದ ಹೊರಗ ಹೋಗೂ ದಾರಿ ಯಾವಾಗ ಕಟ್ಟಾಗತೈತಿ?’ ಅವರು ಹೇಳುತ್ತಾರೆ, ಬಹುಶಃ ಬಹಳ ಹೊತ್ತು ಹೇಳುತ್ತಾರೆ. ಕೇಳಿಸಿಕೊಳ್ಳಿ, ಮಗನಿಂದಲೋ ಮಗಳಿಂದಲೋ ಬರೆಸಿ. ಕೊನೆಯ ಪ್ರಶ್ನೆಯ ಉತ್ತರವೇ ನಿಮಗೆ ಬೇಕಾದದ್ದು. ಹೊಳೆದಂಡೆಯ ಹಳ್ಳಿಗಳಲ್ಲಿ ಮನೆಯ ಹೊಸ್ತಿಲಿಗೆ ನೀರು ಬರುವುದಕ್ಕಿಂತ ಎಷ್ಟೋ ಮೊದಲು, ಊರಾಚೆಯ ಹಳ್ಳ ಹಿನ್ನೀರಿನಿಂದ ತುಂಬಿ ರಸ್ತೆ ಮುಳುಗುತ್ತದೆ. ಊರು ನಡುಗಡ್ಡೆಯಾಗುತ್ತದೆ. ಮನೆ ಇನ್ನೂ ಒಣಗಿದೆ ಎಂದು ಕೂತವರು ಅಲ್ಲೇ ಸಿಕ್ಕಿಬೀಳುತ್ತಾರೆ, ಆಮೇಲೆ ದೋಣಿಯೇ ಗತಿ. 2019ರಲ್ಲಿ ನಿಮಗೆ ಆದದ್ದೂ ಹೆಚ್ಚುಕಡಿಮೆ ಇದೇ ಇರಬೇಕು. ಆದ್ದರಿಂದ ನೀವು ಹೊರಡುವ ಗೆರೆ ನಿಮ್ಮ ಹೊಸ್ತಿಲಲ್ಲ, ಆ ರಸ್ತೆಯ ಅತಿ ತಗ್ಗಿನ ಜಾಗ.

ಅಲ್ಲೊಂದು ಗುರುತು ಮಾಡಿಸಿ. ಹಳ್ಳದ ಸೇತುವೆಯ ಗೋಡೆಯೋ, ವಿದ್ಯುತ್ ಕಂಬವೋ, ಗುಡಿಯ ಮೆಟ್ಟಿಲೋ, ಯಾವುದಾದರೂ ಸರಿ, ಎಲ್ಲರಿಗೂ ಕಾಣುವ ಜಾಗ. 2019ರ ನೀರಿನ ಕಲೆ ಇನ್ನೂ ಗೋಡೆಯ ಮೇಲಿದ್ದರೆ ಅದಕ್ಕೂ ಬಣ್ಣ ಹೊಡೆಸಿ. ಪ್ರತಿ ಮಳೆಗಾಲ ಹಿಡಕಲ್ ಹೊರಹರಿವು, ಲೋಳಸೂರ ಹರಿವು, ಆ ದಿನ ನಿಮ್ಮ ಗುರುತಿಗೆ ನೀರು ಎಲ್ಲಿದೆ, ಎಷ್ಟು ಗಂಟೆಗೆ ಬಂತು ಎಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ಇಷ್ಟು ಬಿಟ್ಟರೆ ನಮ್ಮಲ್ಲಿ ಇಷ್ಟು ಹೊತ್ತಿಗೆ ಇಷ್ಟು ಏರುತ್ತದೆ ಎಂಬ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಸರ್ಕಾರದ ಎಚ್ಚರಿಕೆ ಜಿಲ್ಲೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ಊರಿನ ಕಂಬದ ಗೆರೆಯವರೆಗೆ ಇಳಿಸುವ ಕೆಲಸ ಇನ್ನೂ ಎಷ್ಟೋ ಕಡೆ ಆಗಿಲ್ಲ. ಅದಾಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಗ್ರಾಮಸಭೆಯಲ್ಲಿ ಎದ್ದು ಕೇಳಬೇಕಾದ ವಿಷಯ ಇದು.

ದನಗಳ ಮಾತು ಬಂದಾಗ ಮಾವನವರು ಸರಿ, ನೀವು ಅವರ ಪರ ನಿಲ್ಲಿ. ಒಂದು ಎಮ್ಮೆ ಎಂದರೆ ಮನೆಯ ವರ್ಷದ ಆಧಾರ. ಕಣ್ಣೆದುರೇ ಒಂದು ಸತ್ತಿದೆ. ‘ಜೀವ ಮುಖ್ಯ, ದನ ಬಿಟ್ಟು ಬನ್ನಿ’ ಎಂದು ಅಧಿಕಾರಿಗಳು ಹೇಳಿದಾಗಲೆಲ್ಲ ರೈತನ ಮನಸ್ಸು ಇನ್ನಷ್ಟು ಗಟ್ಟಿಯಾಗುವುದನ್ನು ನಾನು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಓದುತ್ತಲೇ ಬಂದಿದ್ದೇನೆ. ಹಾಗಾಗಿ ಸರದಿ ತಿರುಗಿಸಿ. ದನ ಮೊದಲು ಹೋಗಲಿ, ಮನುಷ್ಯರು ಆಮೇಲೆ. ಕೊಲ್ಹಾಪುರಕ್ಕೆ ರೆಡ್ ಅಲರ್ಟ್ ಬಂದು, ಹಿಡಕಲ್ ಬಹುತೇಕ ತುಂಬಿದೆ ಎಂದ ದಿನವೇ, ಹೊಳೆ ಇನ್ನೂ ತಳದಲ್ಲಿರುವಾಗಲೇ, ಎತ್ತರದ ಊರಿನ ಬೀಗರ ಮನೆಗೋ ನೆಂಟರ ತೋಟಕ್ಕೋ ಅವನ್ನು ಹೊಡೆದು ಬಿಡಿ. ನಾಲ್ಕು ದಿನದ ಮೇವು, ಕಣಿಕೆ ಅಲ್ಲಿ ಮೊದಲೇ ಇರಲಿ. ನೆಂಟರಿಲ್ಲದಿದ್ದರೆ ಜಾನುವಾರುಗಳಿಗೆ ಎಲ್ಲಿ ಜಾಗ, ಮೇವು ಕೊಡುತ್ತಾರೆ ಎಂದು ಪಂಚಾಯಿತಿಯಲ್ಲಿ ಈಗಲೇ ಕೇಳಿ. ಮಾವನವರೇ ದನದ ಜೊತೆ ಹೋಗಿ ಅಲ್ಲೇ ಇರಲಿ. ಅವರು ಊರು ಬಿಟ್ಟ ಹಾಗೂ ಆಗುವುದಿಲ್ಲ, ದನ ಬಿಟ್ಟ ಹಾಗೂ ಆಗುವುದಿಲ್ಲ. ನಿಮ್ಮ ಮನೆಯ ಗಂಟು ಬಿಡಿಸುವ ದಾರಿ ಇದೇ ಎಂದು ನನಗೆ ಅನ್ನಿಸುತ್ತದೆ. ಮತ್ತೆ ಒಂದು ಮಾತು: ಯಾವುದೋ ಕಾರಣಕ್ಕೆ ಸಮಯ ಸಿಗದೆ ಹೊರಡಬೇಕಾಗಿ ಬಂದರೆ ಕಣ್ಣಿ ಬಿಚ್ಚಿಯೇ ಹೊರಡಿ. ಎಮ್ಮೆ ಈಜುತ್ತದೆ. ಅದನ್ನು ಕೊಲ್ಲುವುದು ಗೂಟಕ್ಕೆ ಕಟ್ಟಿದ ಹಗ್ಗ.

ಎರಡನೆಯ ಸರದಿ ಅತ್ತೆಯವರದು. ನಿಧಾನಕ್ಕೆ ನಡೆಯುವವರು ಎಲ್ಲರಿಗಿಂತ ಮುಂಚೆ ಹೊರಡಬೇಕು, ಅದೂ ಹಗಲಿನಲ್ಲಿ. ಅವರ ಸಕ್ಕರೆ ಮಾತ್ರೆ ಹದಿನೈದು ದಿನಕ್ಕಾಗುವಷ್ಟು, ವೈದ್ಯರ ಚೀಟಿ, ಎಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ, ಪಹಣಿ, ಮಕ್ಕಳ ಶಾಲೆಯ ಕಾಗದ, ಸ್ವಲ್ಪ ನಗದು, ಟಾರ್ಚ್, ಚಾರ್ಜ್ ಮಾಡಿಟ್ಟ ಪವರ್ ಬ್ಯಾಂಕ್, ಇವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಬ್ಯಾಗಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಾಗಿಲ ಮೊಳೆಗೆ ತೂಗಿರಲಿ. ಮನೆಯ ಒಳಗೂ ಹೊರಗೂ, ಗೋಡೆ, ಸಾಮಾನು, ಕೊಟ್ಟಿಗೆ ಎಲ್ಲದರ ಫೋಟೋ ತೆಗೆದು ಯಜಮಾನರ ಮೊಬೈಲ್‌ಗೆ ಈಗಲೇ ಕಳಿಸಿಡಿ. ಹಾನಿಯ ಸಮೀಕ್ಷೆ ಮಾಡುವವರ ಮುಂದೆ ಅದು ಮಾತಾಡುತ್ತದೆ. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ. ನೆಲ ಒದ್ದೆಯಾಗಿಬಿಟ್ಟಿದ್ದರೆ ಮಾತ್ರ ಆ ಸ್ವಿಚ್ಚಿನ ಹತ್ತಿರ ಹೋಗಬೇಡಿ, 1912ಕ್ಕೆ ಹೇಳಿ ಲೈನ್ ತೆಗೆಸಿ.

ಕತ್ತಲಿನ ಬಗ್ಗೆ ಕಟ್ಟುನಿಟ್ಟಾಗಿರಿ. ಸಂಜೆ ನಾಲ್ಕಕ್ಕೆ ಹೊಳೆ ಏರುತ್ತಿದೆ, ಹೊರಹರಿವೂ ಏರುತ್ತಿದೆ ಎಂದರೆ ಗುರುತು ಮುಟ್ಟಲಿ ಎಂದು ಕಾಯಬೇಡಿ, ಆ ರಾತ್ರಿ ಬೇರೆ ಕಡೆ ಮಲಗಿ. ಬೆಳಿಗ್ಗೆ ನೀರು ಬರದಿದ್ದರೆ ತಿರುಗಿ ಬಂದರಾಯಿತು. ‘ಸುಮ್ನ ಹೋದ್ವಿ’ ಎಂದು ಯಾರಾದರೂ ಅಂದರೆ ಅನ್ನಲಿ. ಹತ್ತು ಸಲ ಸುಮ್ಮನೆ ಹೋಗಿ ಬಂದರೂ ಹನ್ನೊಂದನೆಯ ಸಲ ಮಗುವನ್ನು ಹೆಗಲ ಮೇಲೆ ಹೊರುವುದು ತಪ್ಪಿದರೆ ಆ ಹತ್ತೂ ಸಲ ಹೋದದ್ದು ಸಾರ್ಥಕ.

ಇನ್ನು ಹರಿಯುವ ನೀರನ್ನು ದಾಟುವ ವಿಷಯ. ನಿಮ್ಮ ಕಡೆ ಗಂಡಸರು ಸೇತುವೆ ಮೇಲೆ ನೀರು ಹರಿಯುತ್ತಿದ್ದರೂ ಬೈಕ್, ಟ್ರ್ಯಾಕ್ಟರ್ ಹೊಡೆಯುತ್ತಾರೆ. ಬೇಡವೇ ಬೇಡ. ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಕೆಡವುತ್ತದೆ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. ಎರಡು ಅಡಿ ಸಾಕು, ಬಹುತೇಕ ವಾಹನಗಳನ್ನು ಹೊತ್ತೊಯ್ಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಕೆಂಪು ನೀರಿನ ಕೆಳಗೆ ಸೇತುವೆಯ ಹಾಸು ಇನ್ನೂ ಇದೆಯೋ ಕೊಚ್ಚಿಹೋಗಿದೆಯೋ ಅದೂ ಕಾಣುವುದಿಲ್ಲ. ಮಕ್ಕಳಿಗೂ ಹೇಳಿ: ಹೊಳಿ ನೋಡಲು, ಸೆಲ್ಫಿ ತೆಗೆಯಲು ಸೇತುವೆಗೆ ಹೋಗುವಂತಿಲ್ಲ. ದಾರಿ ಕಟ್ಟಾಗಿ ಸಿಕ್ಕಿಬಿದ್ದರೆ ಎತ್ತರದಲ್ಲಿ ನಿಂತು 112ಕ್ಕೆ ಕರೆ ಮಾಡಿ, ಎಷ್ಟು ಜನ, ವಯಸ್ಸಾದವರು ಎಷ್ಟು, ಮಕ್ಕಳು ಎಷ್ಟು, ಹತ್ತಿರದ ಗುರುತು ಯಾವುದು ಎಂದು ಹೇಳಿ, ಅಲ್ಲೇ ಇರಿ.

ನೀರು ಇಳಿದ ಮೇಲೆ ಮನೆಗೆ ಓಡುವ ಆತುರ ಎಲ್ಲರಿಗೂ. ಮಣ್ಣಿನ ಗೋಡೆಯ ಮನೆಯಾದರೆ ಒಂದೆರಡು ದಿನ ತಡೆಯಿರಿ. ನೆನೆದ ಗೋಡೆ ನೀರಿನಲ್ಲಿ ನಿಂತಿದ್ದು ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು, ಅದೂ ಜನ ಒಳಗೆ ಮಲಗಿದ್ದಾಗ. ಹಗಲಿನಲ್ಲೇ, ಕೈಯಲ್ಲಿ ಕೋಲು ಹಿಡಿದು ಒಳಗೆ ಹೋಗಿ. ಒಲೆ ಸಂದು, ಹಾಸಿಗೆ ಸುರುಳಿ, ಕಟ್ಟಿಗೆ ರಾಶಿಯಲ್ಲಿ ಹಾವು ಸೇರಿಕೊಂಡಿರುತ್ತವೆ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಅಲುಗಾಡದಂತೆ ಮಲಗಿಸಿ ನೇರ ಆಸ್ಪತ್ರೆಗೆ ಒಯ್ಯಿರಿ, 108 ಇದೆ. ಬಾವಿ, ಬೋರಿನ ನೀರನ್ನು ಶುದ್ಧ ಮಾಡಿಸುವವರೆಗೆ ಕುದಿಸಿಯೇ ಕುಡಿಯಬೇಕು. ಕೆಸರಿನಲ್ಲಿ ಕೆಲಸ ಮಾಡಿದ ಮೇಲೆ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿ ಜ್ವರ ಇರಬಹುದು. ಆ ಕೆಸರಿನ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ. ಅತ್ತೆಯವರ ಪಾದದಲ್ಲಿ ಗಾಯವಾಗದಂತೆ ನೋಡಿಕೊಳ್ಳಿ, ಸಕ್ಕರೆ ಇದ್ದವರಿಗೆ ಕೊಳೆ ನೀರಿನ ಸಣ್ಣ ಗಾಯವೂ ದೊಡ್ಡದಾಗುತ್ತದೆ.

ಕೊನೆಗೆ ನಿಮ್ಮ ನಿದ್ದೆ. ಅದನ್ನು ನೀವು ಪತ್ರದಲ್ಲಿ ನಡುವೆ ಒಂದೇ ಸಾಲಿನಲ್ಲಿ ಹೇಳಿ ದಾಟಿಹೋಗಿದ್ದೀರಿ, ನನಗೆ ಅದೇ ಹೆಚ್ಚು ಕಾಡಿತು. ಮೊಬೈಲ್ ಅನ್ನು ಅರ್ಧ ಗಂಟೆಗೊಮ್ಮೆ ನೋಡುವುದು ನಿಮ್ಮನ್ನು ಕಾಯುವುದಿಲ್ಲ, ಸುಸ್ತು ಮಾಡುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಎಂದು ಹೊತ್ತು ಗೊತ್ತುಮಾಡಿಕೊಳ್ಳಿ. ಜಲಾಶಯದ ಲೆಕ್ಕ, ಮೂರು ಜಿಲ್ಲೆಗಳ ಬಣ್ಣ, ಹಳ್ಳದ ಗುರುತು ನೋಡಿ, ಬರೆದು, ಮೊಬೈಲ್ ಇಟ್ಟುಬಿಡಿ. ಹಿಡಕಲ್ ತುಂಬುತ್ತಾ ಬಂದ ದಿನಗಳಲ್ಲಿ ರಾತ್ರಿಯ ಕಾವಲನ್ನು ನಾಲ್ಕೈದು ಮನೆಯವರು ಪಾಳಿ ಹಾಕಿಕೊಳ್ಳಿ. ಇಂದು ರಾತ್ರಿ ಹೊಳಿ ನೋಡುವವರು ಬೇರೆಯವರಿದ್ದಾರೆ ಎಂದು ಗೊತ್ತಾದರೆ ಮೈ ತಾನಾಗಿ ಮಲಗುತ್ತದೆ. ಯಜಮಾನರಿಗೂ ಒಂದು ಕೆಲಸ ಹಚ್ಚಿ. ಗೋವಾದಲ್ಲಿದ್ದರೂ ಕೊಲ್ಹಾಪುರದ ಮಳೆ ಸುದ್ದಿ ಮತ್ತು ವರುಣ ಮಿತ್ರಕ್ಕೆ ಫೋನ್ ಮಾಡುವುದು ಅವರ ಪಾಲಿಗಿರಲಿ. ದೂರದಿಂದ ‘ಹುಷಾರು’ ಎನ್ನುವುದಕ್ಕಿಂತ ಅದು ನಿಮಗೆ ಹೆಚ್ಚು ಬಲ ಕೊಡುತ್ತದೆ.

ಇಷ್ಟಾದ ಮೇಲೂ ಮಳೆಯ ಸದ್ದಿಗೆ ಆ ರಾತ್ರಿ ಕಣ್ಣೆದುರು ಬಂದಂತಾಗುವುದು, ಬೆವರುವುದು, ನಿದ್ದೆಯಿಂದ ಬೆಚ್ಚಿ ಏಳುವುದು ವಾರಗಟ್ಟಲೆ ನಿಲ್ಲದಿದ್ದರೆ ಅದು ಮನೋಬಲದ ಕೊರತೆಯಲ್ಲ. ದೊಡ್ಡ ಆಘಾತ ಕಂಡವರಲ್ಲಿ ಉಳಿದುಬಿಡುವ, ಚಿಕಿತ್ಸೆಗೆ ಬಗ್ಗುವ ತೊಂದರೆ. ಟೆಲಿಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಮೊದಲ ಕರೆಯಲ್ಲಿ ಏನು ಹೇಳಬೇಕು ತೋಚದಿದ್ದರೆ ನನಗೆ ಬರೆದ ಪತ್ರದ ಮೊದಲ ಆರು ಸಾಲು ಓದಿಬಿಡಿ, ಸಾಕು. ಆ ರಾತ್ರಿ ಹೆಗಲ ಮೇಲಿದ್ದ ಮಗು ಈಗ ಶಾಲೆಗೆ ಹೋಗುವಷ್ಟು ದೊಡ್ಡದಾಗಿರಬೇಕು. ಹೊಳಿ ಬಂದಾಗ ಏನು ಮಾಡುತ್ತೇವೆ ಎಂದು ಅದಕ್ಕೂ ಹೇಳಿ, ತನ್ನ ಪುಸ್ತಕದ ಚೀಲ ತಾನೇ ಕಟ್ಟುವ ಕೆಲಸ ಕೊಡಿ. ಏನಾಗುತ್ತದೆ ಎಂದು ಗೊತ್ತಿರುವ ಮಕ್ಕಳು ಕಡಿಮೆ ಹೆದರುತ್ತಾರೆ.

ಈ ವಾರ ಪಂಚಾಯಿತಿಗೆ ಹೋಗಿ. ಒಬ್ಬರೇ ಹೋಗಬೇಡಿ, ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಸ್ವಸಹಾಯ ಸಂಘವಿದ್ದರೆ ಸಂಘದ ಹೆಸರಿನಲ್ಲೇ ಹೋಗಿ. ನಮ್ಮೂರಿಗೆ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ಅದಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಇದೆಯೇ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ, ದನಗಳಿಗೆ ಎಲ್ಲಿ, ನಮ್ಮೂರಿನ ನೋಡಲ್ ಅಧಿಕಾರಿ ಯಾರು, ಅವರ ನಂಬರ್ ಏನು ಎಂದು ಪಿಡಿಒ ಅವರನ್ನು ಕೇಳಿ, ಬರೆದುಕೊಂಡು ಬನ್ನಿ. ಅವರು ಏನು ಹೇಳಿದರು ಎಂದು ನನಗೂ ಒಂದು ಪತ್ರ ಹಾಕಿ.